ಗೆದ್ದ ಹುಡುಗರು ಮುಂದೇನಾದರು?
ಆಗ್ನೇಯ ಏಷ್ಯಾದ ಕಿರಿಯರ ಫುಟ್ಬಾಲ್ ಚರಿತ್ರೆಯಿಂದ ಕೆಲವು ಪಾಠಗಳು



ಫುಟ್ಬಾಲ್ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಬ್ರೆಜಿಲ್, ಅರ್ಜೆಂಟೀನ, ಜರ್ಮನಿಗಳ ಹೆಸರು. ನಮಗೆ ಹತ್ತಿರದಲ್ಲೇ ಇರುವ ಬರ್ಮಾ, ಮಲೇಶಿಯಾ, ಇಂಡೋನೇಶಿಯಾ, ವಿಯೆಟ್ನಾಂಗಳಲ್ಲಿ ಈ ಆಟವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಕೋಟ್ಯಂತರ ಜನರಿದ್ದಾರೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಆ ದೇಶಗಳ ಹಿರಿಯರ ತಂಡಗಳು ವಿಶ್ವಕಪ್‌ನಲ್ಲಿ ಕಾಣಿಸುವುದಿಲ್ಲ. ಆದರೆ ಅವುಗಳ ಕಿರಿಯರ ತಂಡಗಳು, ಅಂದರೆ ಹದಿನಾರು, ಹತ್ತೊಂಬತ್ತು ವರ್ಷದೊಳಗಿನ ಹುಡುಗರ ತಂಡಗಳು, ಕಳೆದ ಆರು ದಶಕಗಳಲ್ಲಿ ಹಲವು ಬಾರಿ ಏಷ್ಯಾವನ್ನೇ ಬೆರಗುಗೊಳಿಸಿವೆ.

ಇಲ್ಲೊಂದು ಪ್ರಶ್ನೆ ಹುಟ್ಟುತ್ತದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಗೆದ್ದ ಹುಡುಗರು ಇಪ್ಪತ್ತೈದರಲ್ಲಿ ಎಲ್ಲಿ ಹೋದರು? ಕೆಲವು ದೇಶಗಳಲ್ಲಿ ಅವರು ಮುಂದುವರಿದರು, ಕೆಲವೆಡೆ ಕಣ್ಮರೆಯಾದರು. ಏಕೆ? ಇದು ಆಟಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಮಕ್ಕಳನ್ನು ಬೆಳೆಸುವ, ಓದಿಸುವ ಜವಾಬ್ದಾರಿ ಹೊತ್ತ ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಬನ್ನಿ, ಆ ಚರಿತ್ರೆಯ ಪುಟಗಳನ್ನು ಒಟ್ಟಿಗೆ ತಿರುವಿ ನೋಡೋಣ.

ಟುಂಕು ಅವರ ಕನಸು

ಮಲಯಾ ದೇಶವು 1957ರ ಆಗಸ್ಟ್ 31ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಅದರ ಪ್ರಥಮ ಪ್ರಧಾನಿ ಟುಂಕು ಅಬ್ದುಲ್ ರಹ್ಮಾನ್. ಮುಂದೆ ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಮೊದಲ ಮಹಾ ಕಾರ್ಯದರ್ಶಿಯಾದವರೂ ಅವರೇ. ಆದರೆ ಅವರ ಇನ್ನೊಂದು ಮುಖ ಅಷ್ಟಾಗಿ ಪರಿಚಿತವಲ್ಲ. ಅವರು ಫುಟ್ಬಾಲಿನ ಮಹಾ ಅಭಿಮಾನಿ. 1958ರಿಂದ 1977ರವರೆಗೆ ಏಷ್ಯನ್ ಫುಟ್ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದರು. ಒಂದು ದೇಶದ ಪ್ರಧಾನಿ ಅಧಿಕಾರದಲ್ಲಿರುವಾಗಲೇ ಇಡೀ ಖಂಡದ ಫುಟ್ಬಾಲ್ ಆಡಳಿತವನ್ನೂ ನೋಡಿಕೊಂಡ ಉದಾಹರಣೆ ಅಪರೂಪ.

ಆಗಷ್ಟೇ ಬಿಡುಗಡೆ ಕಂಡ ಏಷ್ಯಾದ ದೇಶಗಳ ತರುಣರು ಒಂದೆಡೆ ಸೇರಬೇಕು, ಒಬ್ಬರನ್ನೊಬ್ಬರು ಅರಿಯಬೇಕು, ಸೋಲು ಗೆಲುವುಗಳನ್ನು ಸಮಚಿತ್ತದಿಂದ ಸ್ವೀಕರಿಸಲು ಕಲಿಯಬೇಕು ಎಂಬ ಆಶಯದಿಂದ ಅವರ ನೇತೃತ್ವದಲ್ಲಿ 1959ರಲ್ಲಿ ಕೌಲಾಲಂಪುರದಲ್ಲಿ ಏಷ್ಯನ್ ಯೂತ್ ಫುಟ್ಬಾಲ್ ಪಂದ್ಯಾವಳಿ ಆರಂಭವಾಯಿತು. ಕಿರಿಯರ ವಿಶ್ವ ಚಾಂಪಿಯನ್‌ಶಿಪ್ ಪ್ರಾರಂಭವಾದದ್ದು 1977ರಲ್ಲಿ. ಅಂದರೆ ಜಗತ್ತಿಗಿಂತ ಹದಿನೆಂಟು ವರ್ಷ ಮೊದಲೇ ಏಷ್ಯಾ ತನ್ನ ಹುಡುಗರಿಗಾಗಿ ಒಂದು ವೇದಿಕೆ ಕಟ್ಟಿತ್ತು. ಮೊದಲ ಎರಡು ವರ್ಷ ದಕ್ಷಿಣ ಕೊರಿಯಾ ಗೆದ್ದಿತು. 1961ರಲ್ಲಿ ಬ್ಯಾಂಕಾಕ್‌ನಲ್ಲಿ ಬರ್ಮಾ ಮತ್ತು ಇಂಡೋನೇಶಿಯಾ ಪ್ರಶಸ್ತಿಯನ್ನು ಹಂಚಿಕೊಂಡವು. ಆಗ್ನೇಯ ಏಷ್ಯಾದ ಹುಡುಗರು ಮೊದಲ ಬಾರಿಗೆ ಖಂಡದ ಶಿಖರವೇರಿದ್ದು ಅಂದು.

ಬರ್ಮಾದ ಏಳು ಕಿರೀಟಗಳು

ಇಂದಿನ ಮ್ಯಾನ್ಮಾರ್, ಅಂದಿನ ಬರ್ಮಾ, ಆ ದಶಕದಲ್ಲಿ ಮಾಡಿದ ಸಾಧನೆ ಓದಿದರೆ ನೀವು ಆಶ್ಚರ್ಯಪಡುವಿರಿ. 1961, 1963, 1964, 1966, 1968, 1969 ಮತ್ತು 1970. ಹತ್ತು ವರ್ಷಗಳಲ್ಲಿ ಏಳು ಬಾರಿ ಏಷ್ಯನ್ ಯೂತ್ ಪ್ರಶಸ್ತಿ. ಕೆಲವು ಜಂಟಿಯಾಗಿ, ಕೆಲವು ಏಕಾಂಗಿಯಾಗಿ. ಹುಡುಗರಾಗಿ ಗೆದ್ದವರು ಯುವಕರಾಗಿಯೂ ಗೆದ್ದರು. 1966ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 1970ರಲ್ಲಿ ದಕ್ಷಿಣ ಕೊರಿಯಾದೊಡನೆ ಜಂಟಿ ಚಿನ್ನ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್. ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ 1965ರಿಂದ 1973ರವರೆಗೆ ಸತತ ಐದು ಬಾರಿ ಚಿನ್ನ, ಅವುಗಳಲ್ಲಿ ಮೊದಲನೆಯದು ಥಾಯ್ಲೆಂಡಿನೊಡನೆ ಜಂಟಿಯಾಗಿ.

ಆಮೇಲೆ? ಆ ಕ್ರೀಡಾಕೂಟದ ಫುಟ್ಬಾಲ್ ಚಿನ್ನ 1973ರ ನಂತರ ಮತ್ತೆ ಆ ದೇಶಕ್ಕೆ ಬರಲಿಲ್ಲ. ಹುಡುಗರಲ್ಲಿ ಪ್ರತಿಭೆ ಬತ್ತಿಹೋಯಿತೇ? ಇಲ್ಲ. 1962ರ ಸೇನಾ ಕ್ರಾಂತಿಯ ನಂತರ ದೇಶ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಳ್ಳುತ್ತಾ ಬಂತು. ಆರಂಭದ ವರ್ಷಗಳಲ್ಲಿ ಹಳೆಯ ಪುಣ್ಯ ಕೈ ಹಿಡಿಯಿತು. ಅದು ಕರಗಿದಾಗ ತುಂಬಿಕೊಡಲು ಏನೂ ಇರಲಿಲ್ಲ. ಸರಕಾರಿ ಇಲಾಖೆಗಳ ತಂಡಗಳೇ ಅಲ್ಲಿನ ಫುಟ್ಬಾಲಿನ ಆಧಾರ. ನೆರೆಯ ದೇಶಗಳು ವೃತ್ತಿಪರ ಲೀಗ್ ಕಟ್ಟಿಕೊಂಡು ಮುಂದೆ ಹೋದಾಗಲೂ ಮ್ಯಾನ್ಮಾರ್‌ನಲ್ಲಿ ಅಂತಹ ಲೀಗ್ ಶುರುವಾದದ್ದು 2009ರಲ್ಲಿ. ಲೀಗ್ ಬಂದು ಐದೇ ವರ್ಷಗಳಲ್ಲಿ, 2014ರಲ್ಲಿ, ಅದರ ಹತ್ತೊಂಬತ್ತರೊಳಗಿನ ತಂಡ ಏಷ್ಯಾದ ಸೆಮಿಫೈನಲ್ ತಲುಪಿ 2015ರ ಕಿರಿಯರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಬೀಜ ಸತ್ತಿರಲಿಲ್ಲ, ನೀರೆರೆಯುವವರು ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಬ್ಯಾಂಕಾಕ್‌ನಲ್ಲಿ ನಮ್ಮವರು

ಈ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಪುಟವಿದೆ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಯೂತ್ ಪಂದ್ಯಾವಳಿಯ ಫೈನಲ್‌ನಲ್ಲಿ ಭಾರತವು ಹಿಂದಿನ ವರ್ಷದ ವಿಜೇತ ಇರಾನನ್ನು ಎದುರಿಸಿತು. ಪಂದ್ಯ 2-2ರಲ್ಲಿ ಸಮವಾಗಿ, ಎರಡೂ ದೇಶಗಳು ಜಂಟಿ ವಿಜೇತರೆನಿಸಿದವು. ನಮ್ಮ ತಂಡದ ನಾಯಕ ಹೈದರಾಬಾದಿನ ಶಬ್ಬೀರ್ ಅಲಿ. ಮುಂದೆ ಕೋಲ್ಕತಾದ ಮೈದಾನಗಳಲ್ಲಿ ಅವರು ದೊಡ್ಡ ಹೆಸರು ಮಾಡಿದರು. 2011ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಅವರಿಗೆ ಬಂತು.

ಏಷ್ಯನ್ ಯೂತ್ ಪ್ರಶಸ್ತಿ ಭಾರತಕ್ಕೆ ದಕ್ಕಿದ್ದು ಅದೊಂದೇ ಬಾರಿ. ಇರಾನ್ 1975 ಮತ್ತು 1976ರಲ್ಲೂ ಗೆದ್ದು, 1978ರಲ್ಲಿ ಹಿರಿಯರ ವಿಶ್ವಕಪ್‌ಗೆ ಹೋಯಿತು. ಒಂದೇ ಮೆಟ್ಟಿಲಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬರು ಮೇಲೇರಿದರು, ಇನ್ನೊಬ್ಬರು ಅಲ್ಲೇ ಉಳಿದರು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇನ್ನೊಂದು ಫೈನಲ್‌ನಲ್ಲೂ ಇದೇ ಬಗೆಯ ಕಥೆ ಬರಲಿದೆ.

ಪ್ರಾದೇಶಿಕ ಪಂದ್ಯಾವಳಿಗಳ ಹುಟ್ಟು

ಬ್ರೂನೈ, ಇಂಡೋನೇಶಿಯಾ, ಮಲೇಶಿಯಾ, ಫಿಲಿಪ್ಪೀನ್ಸ್, ಸಿಂಗಾಪುರ, ಥಾಯ್ಲೆಂಡ್ ಎಂಬ ಆರು ದೇಶಗಳು ಸೇರಿ 1984ರಲ್ಲಿ ಆಸಿಯಾನ್ ಫುಟ್ಬಾಲ್ ಒಕ್ಕೂಟವನ್ನು ಸ್ಥಾಪಿಸಿದವು. ನಂತರ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಮ್ಯಾನ್ಮಾರ್‌ಗಳೂ ಬಂದು ಸೇರಿದವು. 1996ರಲ್ಲಿ ಹಿರಿಯರ ಪಂದ್ಯಾವಳಿ, 2002ರಲ್ಲಿ ಕಿರಿಯರ ಪಂದ್ಯಾವಳಿಗಳು ಶುರುವಾದವು. ಮೊದಲ ವರ್ಷ ಹದಿನೇಳರೊಳಗಿನವರಲ್ಲಿ ಮ್ಯಾನ್ಮಾರ್, ಇಪ್ಪತ್ತರೊಳಗಿನವರಲ್ಲಿ ಥಾಯ್ಲೆಂಡ್ ಗೆದ್ದವು. ಇದಕ್ಕೂ ಒಂದು ವರ್ಷ ಮೊದಲು, 2001ರಲ್ಲಿ, ಆಗ್ನೇಯ ಏಷ್ಯಾ ಕ್ರೀಡಾಕೂಟದ ಫುಟ್ಬಾಲನ್ನೂ ಇಪ್ಪತ್ಮೂರರೊಳಗಿನವರಿಗೆ ಮೀಸಲಿಡಲಾಗಿತ್ತು.

ಹೀಗೆ ಹದಿನಾರು, ಹತ್ತೊಂಬತ್ತು, ಇಪ್ಪತ್ಮೂರು ಎಂಬ ಏಣಿ ಸಿದ್ಧವಾಯಿತು. ಈ ಏಣಿ ಹತ್ತುವುದು ಸುಲಭವಲ್ಲ. ವಯಸ್ಸನ್ನು ಲೆಕ್ಕ ಹಾಕುವುದು ಹುಟ್ಟಿದ ವರ್ಷದ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದ ಹುಡುಗನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹದಿನೈದರ ಪ್ರಾಯದಲ್ಲಿ ಹನ್ನೊಂದು ತಿಂಗಳೆಂದರೆ ಎತ್ತರದಲ್ಲಿ, ಬಲದಲ್ಲಿ ಎದ್ದು ಕಾಣುವ ಅಂತರ. ಆದ್ದರಿಂದ ಆಯ್ಕೆದಾರರ ಕಣ್ಣಿಗೆ ಮೊದಲು ಬೀಳುವವನು ಚತುರನಲ್ಲ, ಬೇಗ ಬೆಳೆದವನು. ಇದರ ಜೊತೆಗೆ ಸುಳ್ಳು ವಯಸ್ಸಿನ ಪಿಡುಗು. ಅದನ್ನು ತಡೆಯಲು 2009ರ ಹದಿನೇಳರೊಳಗಿನವರ ವಿಶ್ವಕಪ್‌ನಿಂದ ಆಟಗಾರರ ಮಣಿಕಟ್ಟಿನ ಎಲುಬನ್ನು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸುವ ಪದ್ಧತಿ ಬಂತು. ವಯಸ್ಸು ಮುಚ್ಚಿಟ್ಟು ಒಬ್ಬನನ್ನು ಆಡಿಸಿದರೆ ಮೋಸ ಹೋಗುವುದು ಎದುರಾಳಿ ಮಾತ್ರವಲ್ಲ, ನಿಜವಾದ ವಯಸ್ಸಿನ ಒಬ್ಬ ಹುಡುಗ ತನ್ನದೇ ದೇಶದಲ್ಲಿ ಮನೆಯಲ್ಲಿ ಕುಳಿತಿರುತ್ತಾನೆ.

ಒಂದು ಕಹಿ ಅಧ್ಯಾಯ

ಗೆಲುವಿನ ಕಥೆಗಳನ್ನಷ್ಟೇ ಹೇಳಿದರೆ ಚರಿತ್ರೆ ಪೂರ್ಣವಾಗದು. 2005ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟ ನಡೆಯಿತು. ವಿಯೆಟ್ನಾಮಿನ ಇಪ್ಪತ್ಮೂರರೊಳಗಿನ ತಂಡ ಬಾಕೊಲೊಡ್ ನಗರದಲ್ಲಿ ಮ್ಯಾನ್ಮಾರ್ ವಿರುದ್ಧ 1-0 ಅಂತರದಿಂದ ಗೆದ್ದಿತು. ಗೆದ್ದದ್ದೇನೋ ನಿಜ. ಆದರೆ ಒಂದಕ್ಕಿಂತ ಹೆಚ್ಚು ಗೋಲಿನ ಅಂತರ ಆಗದಂತೆ ನೋಡಿಕೊಳ್ಳಲು ಕೆಲವು ಆಟಗಾರರು ಜೂಜುಕೋರರ ಹಣಕ್ಕೆ ಒಪ್ಪಿದ್ದರೆಂಬುದು ಬಳಿಕ ಬಯಲಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2007ರಲ್ಲಿ ಅವರಿಗೆ ಶಿಕ್ಷೆಯಾಯಿತು.

ಅವರಲ್ಲೊಬ್ಬ, ಎರಡು ವರ್ಷ ಮೊದಲು 2003ರಲ್ಲಿ ಬಲಾಢ್ಯ ದಕ್ಷಿಣ ಕೊರಿಯಾವನ್ನು 1-0ರಿಂದ ಮಣಿಸಿದ ಪಂದ್ಯದಲ್ಲಿ ಆ ಗೋಲು ಹೊಡೆದ ಹುಡುಗ. ಆಗ ಅವನಿಗೆ ಹತ್ತೊಂಬತ್ತು. ಇಡೀ ದೇಶ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿತ್ತು. ಆದರೆ ಕೈಗೆ ಹಣ, ಹೆಸರು ಬಂದ ಆ ಪ್ರಾಯದಲ್ಲಿ ಸರಿ ತಪ್ಪು ತಿಳಿಸಿ ಹೇಳುವ ಹಿರಿಯರು ಪಕ್ಕದಲ್ಲಿರಬೇಕಿತ್ತು. ತಪ್ಪು ಹುಡುಗರದ್ದೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಲನ್ನು ಪಳಗಿಸಿ ಮನಸ್ಸನ್ನು ಹಾಗೇ ಬಿಟ್ಟವರ ಪಾಲೂ ಅದರಲ್ಲಿಲ್ಲವೇ?

ಸಿಡೋಆರ್ಜೊದ ಆ ರಾತ್ರಿ

ಈಗ ಇಂಡೋನೇಶಿಯಾಕ್ಕೆ ಬರೋಣ. ಜಗತ್ತಿನಲ್ಲೇ ಅತ್ಯಂತ ಹೆಚ್ಚು ಮುಸ್ಲಿಮರಿರುವ ಈ ದ್ವೀಪ ರಾಷ್ಟ್ರದಲ್ಲಿ ಫುಟ್ಬಾಲ್ ಎಂದರೆ ಹುಚ್ಚು. ಆದರೂ 1991ರ ಆಗ್ನೇಯ ಏಷ್ಯಾ ಕ್ರೀಡಾಕೂಟದ ಚಿನ್ನದ ನಂತರ ಆ ದೇಶ ಒಂದೇ ಒಂದು ಪ್ರಶಸ್ತಿಗಾಗಿ ಬಾಯಾರಿ ಕುಳಿತಿತ್ತು. 2011ರ ನಂತರವಂತೂ ಆಡಳಿತದ ಜಗಳದಿಂದ ಒಂದೇ ದೇಶದಲ್ಲಿ ಎರಡು ಲೀಗ್, ಎರಡು ಬಣ. ಅದರ ಫಲವಾಗಿ 2012ರ ಫೆಬ್ರವರಿಯಲ್ಲಿ ಅನನುಭವಿ ತಂಡವೊಂದು ಬಹ್ರೈನ್ ಎದುರು 10-0ರಿಂದ ಸೋತಿತು. 2013ರ ಮಾರ್ಚ್‌ನಲ್ಲಿ ಬಣಗಳು ಒಂದಾದವು.

ದೊಡ್ಡವರು ಜಗಳವಾಡುತ್ತಿದ್ದಾಗ ಇಂದ್ರಾ ಶಾಫ್ರಿ ಎಂಬ ತರಬೇತುದಾರ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಿದ್ದರು. ದೊಡ್ಡ ನಗರಗಳ ಕ್ಲಬ್ಬುಗಳಿಂದ ಹೆಸರು ತರಿಸಿಕೊಳ್ಳುವುದನ್ನು ಬಿಟ್ಟು ತಾವೇ ಹೋಗಿ ಮಕ್ಕಳನ್ನು ನೋಡಿದರು. ಸುರಬಾಯಾದ ಸಾಧಾರಣ ಮನೆತನದ ಎವಾನ್ ದಿಮಾಸ್ ನಾಯಕನಾದ. ಪೂರ್ವದ ದೂರದ ಅಲೋರ್ ದ್ವೀಪದ ಯಾಬೆಸ್ ರೋನಿ ಎಂಬ ಕ್ರೈಸ್ತ ಹುಡುಗನೂ ಶಾಫ್ರಿಯವರ ಕಣ್ಣಿಗೆ ಬಿದ್ದ. ಗೋಲು ಹೊಡೆದಾಗ ತಂಡದ ಮುಸ್ಲಿಂ ಹುಡುಗರು ಹುಲ್ಲಿನ ಮೇಲೆ ಸುಜೂದ್ ಮಾಡುತ್ತಿದ್ದರೆ, ಯಾಬೆಸ್ ತನ್ನ ಧರ್ಮದ ರೀತಿಯಲ್ಲಿ ಪ್ರಾರ್ಥಿಸುತ್ತಿದ್ದ. ಆ ದೇಶದ ಜನ ಈ ತಂಡದಲ್ಲಿ ತಮ್ಮ ನಾಡನ್ನೇ ಕಂಡರು.

2013ರ ಸೆಪ್ಟೆಂಬರ್‌ನಲ್ಲಿ ಪೂರ್ವ ಜಾವಾದಲ್ಲಿ ಆಸಿಯಾನ್ ಹತ್ತೊಂಬತ್ತರೊಳಗಿನವರ ಪಂದ್ಯಾವಳಿ ನಡೆಯಿತು. ಗುಂಪು ಹಂತದಲ್ಲಿ ಇಂಡೋನೇಶಿಯಾ ವಿಯೆಟ್ನಾಮಿಗೆ 1-2ರಿಂದ ಸೋತರೂ ಸೆಮಿಫೈನಲ್ ತಲುಪಿತು. ಅಲ್ಲಿ ಎದುರಾಳಿ ಟಿಮೋರ್ ಲೆಸ್ಟೆ. ಇಂಡೋನೇಶಿಯಾದ ಇಪ್ಪತ್ನಾಲ್ಕು ವರ್ಷಗಳ ಆಕ್ರಮಣದಿಂದ ಬಿಡುಗಡೆಗೊಂಡು 2002ರಲ್ಲಿ ಸ್ವತಂತ್ರವಾದ ಪುಟ್ಟ ದೇಶವದು. ತಂದೆಯಂದಿರ ಕಾಲದಲ್ಲಿ ಬಂದೂಕಿನ ಮೂಲಕ ಮಾತಾಡಿದ ಎರಡು ನೆಲಗಳ ಮಕ್ಕಳು ಚೆಂಡಿನ ಮುಂದೆ ಸಮಾನರಾಗಿ ನಿಂತರು. ಇಂಡೋನೇಶಿಯಾ 2-0ರಿಂದ ಗೆದ್ದಿತು. ಟುಂಕು ಅವರ ಕನಸಿಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ಸೆಪ್ಟೆಂಬರ್ 22ರಂದು ಸಿಡೋಆರ್ಜೊದಲ್ಲಿ ಫೈನಲ್. ಎದುರಾಳಿ ಮತ್ತೆ ವಿಯೆಟ್ನಾಂ. ಹೆಚ್ಚುವರಿ ಸಮಯ ಮುಗಿದರೂ ಗೋಲಿಲ್ಲ. ಪೆನಾಲ್ಟಿಯಲ್ಲಿ ಇಂಡೋನೇಶಿಯಾ 7-6ರಿಂದ ಗೆದ್ದಿತು. ಇಪ್ಪತ್ತೆರಡು ವರ್ಷಗಳ ಬಾಯಾರಿಕೆ ತೀರಿತು. ಮೂರು ವಾರಗಳ ನಂತರ ಜಕಾರ್ತಾದಲ್ಲಿ ಇದೇ ಹುಡುಗರು ಹತ್ತೊಂಬತ್ತರೊಳಗಿನವರ ಏಷ್ಯಾ ಚಾಂಪಿಯನ್ ದಕ್ಷಿಣ ಕೊರಿಯಾವನ್ನು 3-2ರಿಂದ ಸೋಲಿಸಿದರು. ಮೂರು ಗೋಲುಗಳೂ ಎವಾನ್ ದಿಮಾಸ್‌ನವು.

ಗೆದ್ದವರ ಸೋಲು, ಸೋತವರ ಗೆಲುವು

ಓದುಗರೇ, ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಗೆದ್ದ ಹುಡುಗರಿಗೆ ಮುಂದೇನಾಯಿತು ನೋಡಿ. 2014ರ ಆರಂಭದಲ್ಲಿ ಅವರನ್ನು ದ್ವೀಪಸಮೂಹದ ಊರೂರಿಗೆ ಪ್ರದರ್ಶನ ಪಂದ್ಯಗಳಿಗೆ ಕರೆದೊಯ್ಯಲಾಯಿತು. ಮೈದಾನಗಳು ತುಂಬಿದವು, ದೂರದರ್ಶನದವರು ಮುಗಿಬಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್‌ನಲ್ಲಿ ನಡೆದ ಏಷ್ಯಾ ಹಂತದ ಪಂದ್ಯಾವಳಿಯಲ್ಲಿ ತಂಡ ಮೂರೂ ಪಂದ್ಯ ಸೋತಿತು. ಹುಡುಗರು ದಣಿದಿದ್ದರೆಂಬ ಟೀಕೆ ಬಂತು. ತರಬೇತುದಾರರನ್ನು ಕೈಬಿಡಲಾಯಿತು. 2015ರ ಮೇ 30ರಂದು, ಸರಕಾರ ಮತ್ತು ಫುಟ್ಬಾಲ್ ಸಂಸ್ಥೆಯ ಜಗಳದ ಕಾರಣ, ಫಿಫಾ ಇಂಡೋನೇಶಿಯಾವನ್ನು ಅಮಾನತಿನಲ್ಲಿಟ್ಟಿತು. ಲೀಗ್ ನಿಂತಿತು. ಅನೇಕ ಆಟಗಾರರು ಹೊಟ್ಟೆಪಾಡಿಗಾಗಿ ಹಳ್ಳಿಗಳ ಸಣ್ಣಪುಟ್ಟ ಪಂದ್ಯಗಳಲ್ಲಿ ಆಡಬೇಕಾಯಿತು. ಅಮಾನತು ತೆರವಾದದ್ದು 2016ರ ಮೇ ತಿಂಗಳಲ್ಲಿ. ಹತ್ತೊಂಬತ್ತರಿಂದ ಇಪ್ಪತ್ತೊಂದು, ಆಟಗಾರನೊಬ್ಬ ಗಟ್ಟಿಯಾಗುವ ವಯಸ್ಸು. ಅದೇ ವರ್ಷಗಳು ಹಾಳಾದವು. ಎವಾನ್ ದಿಮಾಸ್ ಹಿರಿಯರ ತಂಡಕ್ಕೆ ಬಂದ, ಆದರೆ ಆ ಪೀಳಿಗೆ ಒಟ್ಟಾಗಿ ಮೇಲೇರಲಿಲ್ಲ. ಆಸಿಯಾನ್ ಹಿರಿಯರ ಪಂದ್ಯಾವಳಿಯಲ್ಲಿ 1996ರಿಂದ 2020ರ ಆವೃತ್ತಿಯವರೆಗೆ ಇಂಡೋನೇಶಿಯಾ ಆರು ಬಾರಿ ಫೈನಲ್ ಆಡಿ ಆರು ಬಾರಿಯೂ ಸೋತಿತು.

ಇನ್ನು ಸಿಡೋಆರ್ಜೊದಲ್ಲಿ ಸೋತು ಅತ್ತ ವಿಯೆಟ್ನಾಮಿನ ಹುಡುಗರು? ಅವರಲ್ಲಿ ಹಲವರು ಪ್ಲೇಕು ಎಂಬ ಗುಡ್ಡಗಾಡು ಪಟ್ಟಣದ ಅಕಾಡೆಮಿಯಿಂದ ಬಂದವರು. ಅಲ್ಲಿನ ಕ್ಲಬ್ಬೊಂದು 2007ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನ ಸಹಯೋಗದಲ್ಲಿ ಅದನ್ನು ಸ್ಥಾಪಿಸಿತ್ತು. ಕಾಂಗ್ ಫುವಾಂಗ್, ಸುವಾನ್ ಟ್ರುವಾಂಗ್ ಮೊದಲಾದವರು ಬಾಲ್ಯದಲ್ಲೇ ಅಲ್ಲಿ ಸೇರಿ, ಆಟದ ಜೊತೆಗೆ ಶಾಲೆಯ ಪಾಠವನ್ನೂ ಇಂಗ್ಲಿಷನ್ನೂ ಕಲಿತು, ವರ್ಷಾನುವರ್ಷ ಒಟ್ಟಿಗೆ ಬೆಳೆದವರು. 2005ರ ಹಗರಣ ಕಂಡ ದೇಶದಲ್ಲಿ, ಹುಡುಗರ ನಡತೆಯನ್ನೂ ರೂಪಿಸಬೇಕೆಂಬ ಅರಿವಿಗೆ ಬೇರೆ ಪಾಠ ಬೇಕಿರಲಿಲ್ಲ. ಹನೋಯ್ ಮುಂತಾದ ಕಡೆಯ ಕೇಂದ್ರಗಳಿಂದಲೂ ಹೊಸ ಹುಡುಗರು ಬಂದು ಸೇರಿಕೊಂಡರು.

ಅವರಿಗೂ 2014ರಲ್ಲಿ ಸೋಲುಗಳು ಕಾದಿದ್ದವು. ಆದರೆ ಯಾರೂ ಆ ಗಿಡವನ್ನು ಕಿತ್ತು ನೋಡಲಿಲ್ಲ. 2018ರ ಜನವರಿಯಲ್ಲಿ ಕೊರಿಯಾದ ಪಾರ್ಕ್ ಹಾಂಗ್ ಸಿಯೊ ಅವರ ತರಬೇತಿಯಲ್ಲಿ, ಸುವಾನ್ ಟ್ರುವಾಂಗ್ ನಾಯಕತ್ವದ ಇಪ್ಪತ್ಮೂರರೊಳಗಿನ ತಂಡ ಚೀನಾದ ಚಾಂಗ್‌ಝೌ ನಗರದಲ್ಲಿ ಏಷ್ಯಾದ ಫೈನಲ್ ತಲುಪಿತು. ಸುರಿಯುವ ಹಿಮದಲ್ಲಿ ಉಜ್ಬೇಕಿಸ್ತಾನಕ್ಕೆ 1-2ರಿಂದ ಸೋತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಿರಿಯರ ತಂಡ ಮಲೇಶಿಯಾವನ್ನು ಸೋಲಿಸಿ ಆಸಿಯಾನ್ ಪ್ರಶಸ್ತಿ ಗೆದ್ದಿತು. 2019ರಲ್ಲಿ ಇಪ್ಪತ್ತೆರಡರೊಳಗಿನ ತಂಡ ಇಂಡೋನೇಶಿಯಾವನ್ನೇ 3-0ರಿಂದ ಮಣಿಸಿ ಕ್ರೀಡಾಕೂಟದ ಚಿನ್ನ ಪಡೆಯಿತು. 1959ರಲ್ಲಿ ದಕ್ಷಿಣ ವಿಯೆಟ್ನಾಂ ಗೆದ್ದ ನಂತರ ಆ ಚಿನ್ನ ಬಂದದ್ದು ಅರುವತ್ತು ವರ್ಷಗಳ ಮೇಲೆ!

ಮಲೇಶಿಯಾದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ 2007ರಲ್ಲಿ 'ಹರಿಮಾವು ಮುದಾ', ಅಂದರೆ ಎಳೆಯ ಹುಲಿಗಳು, ಎಂಬ ಹೆಸರಿನಲ್ಲಿ ಕಿರಿಯ ರಾಷ್ಟ್ರೀಯ ತಂಡವನ್ನು ವರ್ಷವಿಡೀ ಒಂದು ಕ್ಲಬ್ಬಿನಂತೆ ಒಟ್ಟಿಗಿಟ್ಟು ಆಡಿಸಲಾಯಿತು. ತಮಿಳು ಮೂಲದ ಕೆ. ರಾಜಗೋಪಾಲ್ ಅವರ ತರಬೇತಿಯಲ್ಲಿ ಇಪ್ಪತ್ಮೂರರೊಳಗಿನವರು 2009ರಲ್ಲಿ ಕ್ರೀಡಾಕೂಟದ ಚಿನ್ನ ಗೆದ್ದರು. ಮರುವರ್ಷ ಅವರಲ್ಲಿ ಹಲವರನ್ನೊಳಗೊಂಡ ಹಿರಿಯರ ತಂಡ ಆಸಿಯಾನ್ ಪ್ರಶಸ್ತಿ ಗೆದ್ದಿತು. 2011ರಲ್ಲಿ ಮತ್ತೆ ಕಿರಿಯರ ಚಿನ್ನ. 2015ರಲ್ಲಿ ಆ ಯೋಜನೆ ಮುಗಿಯಿತು. ಹಿರಿಯರ ತಂಡ 2014 ಮತ್ತು 2018ರ ಫೈನಲ್‌ಗಳನ್ನು ತಲುಪಿತಾದರೂ ಎರಡರಲ್ಲೂ ಸೋತಿತು.

ಇಂಡೋನೇಶಿಯಾ ಪಾಠ ಕಲಿಯಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಶಾಫ್ರಿಯವರನ್ನು ಮತ್ತೆ ಕರೆಸಲಾಯಿತು. 2023ರಲ್ಲಿ ಅವರ ತಂಡ ಥಾಯ್ಲೆಂಡನ್ನು 5-2ರಿಂದ ಸೋಲಿಸಿ ಮೂವತ್ತೆರಡು ವರ್ಷಗಳ ನಂತರ ಕ್ರೀಡಾಕೂಟದ ಚಿನ್ನ ತಂದಿತು. 2024ರಲ್ಲಿ ಸುರಬಾಯಾದಲ್ಲಿ ಹತ್ತೊಂಬತ್ತರೊಳಗಿನವರ ಪ್ರಶಸ್ತಿಯೂ ಮರಳಿ ಬಂತು. ಆ ಫೈನಲ್‌ನ ಏಕೈಕ ಗೋಲು ಹೊಡೆದ ಜೆನ್ಸ್ ರಾವೆನ್ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ. ಹೊರದೇಶದಲ್ಲಿ ತರಬೇತಾದ ಇಂಡೋನೇಶಿಯಾ ಮೂಲದ ಹುಡುಗರನ್ನು ಕರೆತರುವುದು ಈಗಿನ ಹೊಸ ದಾರಿ. ಅವರು ಬರಲಿ, ತಪ್ಪೇನಿಲ್ಲ. ಆದರೆ ಅಲೋರ್ ದ್ವೀಪಕ್ಕೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆಯದಿರಲಿ.

ನಮಗೇನು?

2018ರ ಸೆಪ್ಟೆಂಬರ್ 27ರಂದು ಕೌಲಾಲಂಪುರದಲ್ಲಿ ಭಾರತ ಮತ್ತು ಇಂಡೋನೇಶಿಯಾದ ಹದಿನಾರರೊಳಗಿನ ಹುಡುಗರು ಎದುರಾದರು. ಟುಂಕು ಅವರು 1959ರಲ್ಲಿ ಕಿರಿಯರ ಮೊದಲ ಪಂದ್ಯಾವಳಿ ನಡೆಸಿದ ನಗರವೇ ಅದು. ಪಂದ್ಯ ಗೋಲಿಲ್ಲದೆ ಸಮವಾಗಿ ಎರಡೂ ತಂಡಗಳು ಏಷ್ಯಾದ ಕ್ವಾರ್ಟರ್ ಫೈನಲ್‌ಗೆ ಹೋದವು. ಭಾರತ ದಕ್ಷಿಣ ಕೊರಿಯಾಕ್ಕೆ 0-1ರಿಂದ, ಇಂಡೋನೇಶಿಯಾ ಆಸ್ಟ್ರೇಲಿಯಾಕ್ಕೆ 2-3ರಿಂದ ಸೋತವು. ಇನ್ನೊಂದು ಪಂದ್ಯ ಗೆದ್ದಿದ್ದರೆ ಇಬ್ಬರೂ ಕಿರಿಯರ ವಿಶ್ವಕಪ್‌ನಲ್ಲಿರುತ್ತಿದ್ದರು. ಹದಿನಾರರ ಪ್ರಾಯದಲ್ಲಿ ನಮ್ಮ ಮಕ್ಕಳಿಗೂ ಏಷ್ಯಾದ ಶ್ರೇಷ್ಠರಿಗೂ ಇರುವ ಅಂತರ ಒಂದು ಗೋಲು ಮಾತ್ರ. ಆಮೇಲೆ ಅದು ಏಕೆ ಹಿಗ್ಗುತ್ತಾ ಹೋಗುತ್ತದೆ ಎಂಬುದೇ ಯೋಚಿಸಬೇಕಾದ ವಿಷಯ.

ಈ ಆರು ದಶಕಗಳ ಚರಿತ್ರೆ ನಮಗೆ ಹೇಳುವುದಿಷ್ಟು. ಪ್ರತಿಭೆ ಎಲ್ಲ ನೆಲದಲ್ಲೂ ಹುಟ್ಟುತ್ತದೆ, ಅಲೋರ್‌ನಲ್ಲೂ ಪ್ಲೇಕುವಿನಲ್ಲೂ. ಅದನ್ನು ಹುಡುಕಿಕೊಂಡು ಹೋಗುವ ಒಬ್ಬ ಹಿರಿಯ ಬೇಕು. ಸಿಕ್ಕ ಮೇಲೆ ಪಾಠಶಾಲೆ, ಒಳ್ಳೆಯ ನಡತೆ, ತಾಳ್ಮೆ ಬೇಕು. ಮೊದಲ ಗೆಲುವಿಗೆ ಮೆರವಣಿಗೆ ಮಾಡಿ ದಣಿಸಬಾರದು, ಮೊದಲ ಸೋಲಿಗೆ ಕೈಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡವರ ಜಗಳದ ಸಾಲವನ್ನು ಮಕ್ಕಳ ಹೆಸರಿನಲ್ಲಿ ಬರೆಯಬಾರದು.

ನಮ್ಮ ಊರುಗಳಲ್ಲಿ ಪ್ರತಿವರ್ಷ ಪರೀಕ್ಷೆಯಲ್ಲೋ ಆಟದಲ್ಲೋ ಮೊದಲ ಸ್ಥಾನ ಬಂದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಒಳ್ಳೆಯ ಸಂಪ್ರದಾಯ, ಅದು ಮುಂದುವರಿಯಲಿ. ಅದರ ಜೊತೆಗೆ ಐದಾರು ವರ್ಷಗಳ ಹಿಂದೆ ಶಾಲು ಹೊದಿಸಿಕೊಂಡವರ ಪಟ್ಟಿಯನ್ನೂ ಒಮ್ಮೆ ತೆರೆದು, ಆ ಮಕ್ಕಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಅವರಿಗೆ ನಮ್ಮಿಂದ ಇನ್ನೂ ಏನಾದರೂ ಬೇಕಿದೆಯೇ ಎಂದು ವಿಚಾರಿಸೋಣ.